ಖಾಲಿ ಹೊಡೆತ

ಅಟ್ಟದ ಮೇಲೆ, ಅಡಕೆ ಒಣಗಿಸುವ ತಟ್ಟಿಗಳ ಹಿಂದೆ, ಕಂಬಳಿಯಲ್ಲಿ ಸುತ್ತಿ ತೊಲೆಗೆ ಕಟ್ಟಿಟ್ಟ ಒಂದು ಏರ್‌ಗನ್ ನಮ್ಮ ಮನೆಯಲ್ಲಿತ್ತು. ಕಟ್ಟಿಟ್ಟವರು ದೊಡ್ಡಪ್ಪ. ಕಟ್ಟಿಡಲು ಕಾರಣ ನಾನು.

ಸಿದ್ದಾಪುರ ತಾಲೂಕಿನ ಒಂದು ಕಣಿವೆಯಲ್ಲಿ ನಮ್ಮ ತೋಟ. ಮಂಗಗಳ ಕಾಟ ಹೇಗಿರುತ್ತದೆ ಎಂದು ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಅಡಕೆ ಮಿಳ್ಳೆಯನ್ನು ಕಚ್ಚಿ ರಸ ಹೀರಿ ಎಸೆಯುತ್ತವೆ, ಬಾಳೆಗೊನೆಯಲ್ಲಿ ತಿನ್ನುವುದು ನಾಲ್ಕು ಕಾಯಿ, ಕೆಡಿಸುವುದು ನಲವತ್ತು. 1984ರಲ್ಲಿ ದೊಡ್ಡಪ್ಪ ಆ ಏರ್‌ಗನ್ ತಂದದ್ದು ಇದೇ ಕಾರಣಕ್ಕೆ. ಬ್ಯಾರಲ್ ಮಡಚಿ ಸ್ಪ್ರಿಂಗ್ ಎಳೆಯುವ ಜಾತಿಯದು. ಜರ್ಮನಿಯ ಡಯಾನಾ 35ರ ಅಚ್ಚಿನಲ್ಲಿ ನಮ್ಮ ದೇಶದಲ್ಲೇ ತಯಾರಾಗಿದ್ದು, ಮೂರು ಕಿಲೋಗೂ ಹೆಚ್ಚು ತೂಕ. ದಿನಕ್ಕೆ ನಾಲ್ಕಾರು ಸಲ ಅವರು ತೋಟದ ಸಂಕದ ಮೇಲೆ ನಿಂತು ಅದನ್ನು ಮೇಲೆತ್ತಿ ಹೊಡೆಯುತ್ತಿದ್ದರು. ಠಪ್ ಎಂದು ಶಬ್ದ. ಮರದ ಮೇಲೆ ಗದ್ದಲ, ಆಮೇಲೆ ಕಾಡಿನ ಕಡೆ ಕೊಂಬೆಗಳು ಬಾಗಿ ಏಳುತ್ತ ಹೋಗುವುದು ಕಾಣುತ್ತಿತ್ತು. ಒಂದು ಮಂಗವೂ ಬಿದ್ದದ್ದು ನಾನು ನೋಡಿಲ್ಲ. ದೊಡ್ಡಪ್ಪನಿಗೆ ಗುರಿ ಇಲ್ಲ ಎಂದು ನಾವು ಮಕ್ಕಳು ಮಾತಾಡಿಕೊಳ್ಳುತ್ತಿದ್ದೆವು.

ನನಗಾಗ ಹನ್ನೊಂದು ವರ್ಷ. ಬೇಸಿಗೆ ರಜೆಯ ಒಂದು ಮಧ್ಯಾಹ್ನ, ದೊಡ್ಡಪ್ಪ ಉಂಡು ಜಗಲಿಯಲ್ಲಿ ಮಲಗಿದ್ದರು. ಗೂಡಿನಲ್ಲಿದ್ದ ಪೆಲೆಟ್ ಡಬ್ಬಿ ತೆಗೆದೆ. ಅಂಚಿಗೆ ಅಂಟಿಸಿದ್ದ ಕಾಗದದ ಪಟ್ಟಿಯನ್ನು ಉಗುರಿನಿಂದ ಹರಿದು ಮುಚ್ಚಳ ಬಿಚ್ಚಿದೆ. ಒಳಗೆ ತುಂಬಿಕೊಂಡು ಬೂದು ಬಣ್ಣದ ಸೀಸದ ಗುಂಡುಗಳು, ನಡು ಸಣ್ಣಗಿರುವ ಪುಟ್ಟ ಡಮರುಗಳ ಹಾಗೆ. ಗನ್ ಮಡಚಲು ತೋಳಿನ ಬಲ ಸಾಲದೆ ಬ್ಯಾರಲನ್ನು ತೊಡೆಗೆ ಒತ್ತಿ ಎಳೆದೆ. ಹಿತ್ತಲಿನ ದಾಸವಾಳದ ಗಿಡದಲ್ಲಿ ಒಂದು ಪಿಕಳಾರ ಕೂತಿತ್ತು, ಜುಟ್ಟು ನೆಟ್ಟಗೆ ಮಾಡಿಕೊಂಡು. ಹೊಡೆದೆ. ತಾಗಿತು.

ಹತ್ತಿರ ಹೋಗಿ ಎತ್ತಿಕೊಂಡಾಗ ಬಾಲದ ಬುಡದ ಕೆಂಪನ್ನು ರಕ್ತ ಎಂದುಕೊಂಡೆ. ಅದು ಅದರ ಬಣ್ಣವೇ. ರಕ್ತ ಇದ್ದದ್ದು ಎದೆಯ ಮೇಲೆ, ಒಂದು ರಾಗಿ ಕಾಳಿನಷ್ಟು. ಮೈ ಬೆಚ್ಚಗಿತ್ತು. ನನ್ನ ಅಂಗೈಯಲ್ಲೇ ಅದರ ಕಣ್ಣಿಗೆ ಕೆಳಗಿನ ರೆಪ್ಪೆ ನಿಧಾನಕ್ಕೆ ಮೇಲೆ ಬಂತು.

ಶಬ್ದಕ್ಕೆ ಎಚ್ಚರವಾಗಿ ಬಂದ ದೊಡ್ಡಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. "ಇದು ಮಂಗ ಓಡ್ಸಲೆ ತಂದಿದ್ದು ತಮಾ, ಕೊಲ್ಲಲೆ ಅಲ್ಲ" ಎಂದರು ಅಷ್ಟೇ. ದಾಸವಾಳದ ಬುಡದಲ್ಲಿ ಗುಂಡಿ ತೋಡಿ ಹಕ್ಕಿಯನ್ನು ಮಣ್ಣು ಮಾಡಿದರು. ಅವತ್ತು ಸಂಜೆಯೇ ಗನ್ ಅಟ್ಟ ಸೇರಿತು. ಆಮೇಲೆ ಮಂಗ ಬಂದರೆ ತಗಡಿನ ಡಬ್ಬ ಬಡಿಯುತ್ತಿದ್ದರು.

ಇಷ್ಟಾದ ಮೇಲೂ ಗುರಿ ಇಡುವ ಆಸೆ ನನ್ನಿಂದ ಹೋಗಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತಿತ್ತು, ಪ್ರತಿ ಸಲವೂ ನನ್ನ ಜಾತ್ರೆ ಖರ್ಚಿನ ದುಡ್ಡು ಬಲೂನಿನ ಅಂಗಡಿಯಲ್ಲೇ ಕರಗುತ್ತಿತ್ತು. ಉಸಿರು ಹಿಡಿದು, ಜಗತ್ತೆಲ್ಲ ಆ ಒಂದು ಚುಕ್ಕೆಯೊಳಗೆ ಇಳಿದು ಬರುವ ಆ ಎರಡು ಸೆಕೆಂಡು ನನಗೆ ಬೇರೆ ಯಾವುದರಲ್ಲೂ ಸಿಗಲಿಲ್ಲ.

ನಾಲ್ಕು ವರ್ಷದ ಹಿಂದೆ ಅಡಕೆ ಕೊಯ್ಲಿಗೆ ಊರಿಗೆ ಹೋದಾಗ ಅಟ್ಟ ಹತ್ತಿ ಕಂಬಳಿ ಬಿಚ್ಚಿದೆ. ಮರದ ಹಿಡಿ ಗಟ್ಟಿಯಾಗಿಯೇ ಇತ್ತು. ಬ್ಯಾರಲ್ ಮೇಲೆ ತುಕ್ಕಿನ ಮಚ್ಚೆ. ಮಡಚಿದರೆ ಒಳಗೆ ಕರಕರ ಶಬ್ದ. ಪೆಲೆಟ್ ಹಾಕಿ ದರೆಗೆ ಹೊಡೆದರೆ ಉಸ್ಸೆಂದು ಗಾಳಿ ಬಂತು, ಗುಂಡು ಹತ್ತು ಹೆಜ್ಜೆ ದೂರದಲ್ಲಿ ಹುಲ್ಲಿನ ಮೇಲೆ ಬಿತ್ತು. ರಿಪೇರಿ ಮಾಡಿಸುತ್ತೇನೆ ಎಂದಾಗ ದೊಡ್ಡಪ್ಪ ಬೇಡ ಅನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಕೆಲಸ. ಅಲ್ಲಿ ನನಗೆ ಪರಿಚಯದ ಒಂದು ಲೇಥ್ ಅಂಗಡಿ ಇದೆ. ಅದರ ಯಜಮಾನರನ್ನು ನಾವೆಲ್ಲ ಚಾಚಾ ಅನ್ನುತ್ತೇವೆ. ಪಂಪ್‌ಸೆಟ್ಟಿನ ಶಾಫ್ಟಿನಿಂದ ಹಿಡಿದು ಗಿರಣಿಯ ಬುಶ್‌ವರೆಗೆ ಎಲ್ಲ ಮಾಡುವವರು. ಜಾತ್ರೆಗೆ ಜಾತ್ರೆ ಸುತ್ತುವ ಬಲೂನ್ ಅಂಗಡಿಯವರ ಗನ್ನುಗಳನ್ನೂ ಅವರೇ ಸರಿ ಮಾಡಿಕೊಡುತ್ತಾರೆ. ಸಿಲಿಂಡರಿನ ಹಿಂಭಾಗದ ತಿರುಪನ್ನು ಲೇಥಿನ ಎರಡು ತುದಿಗಳ ನಡುವೆ ಕಚ್ಚಿಸಿ, ಸ್ಪ್ರಿಂಗಿನ ಒತ್ತಡವನ್ನು ಇಷ್ಟಿಷ್ಟೇ ಇಳಿಸುತ್ತ ಗನ್ ಬಿಚ್ಚಿದರು. ಸ್ಪ್ರಿಂಗ್ ಎರಡು ತುಂಡಾಗಿ ಹೊರಬಂತು. ಪಿಸ್ಟನ್ನಿನ ತಲೆಗೆ ಹಾಕಿದ್ದ ಚರ್ಮದ ವಾಷರ್ ಬಟ್ಟಲಿನ ಆಕಾರದಲ್ಲಿ ಇರಬೇಕಾದದ್ದು ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು, ನಡುವೆ ಸೀಳು ಬಿಟ್ಟಿತ್ತು. ಚಾಚಾ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ಅದರ ಮುಖದ ಮೇಲೆ ಹೆಬ್ಬೆರಳಾಡಿಸಿದರು. ಕಬ್ಬಿಣಕ್ಕೆ ಕಬ್ಬಿಣ ಬಡಿದು ಹೊಳಪು ಬಂದ ಒಂದು ಉಂಗುರ ಅಲ್ಲಿ ಕಾಣುತ್ತಿತ್ತು.

"ಇದನ್ನ ಖಾಲಿ ಭಾಳ ಹೊಡದಾರ್ರೀ ಸರ" ಎಂದರು. "ಛರ್ರಾ ಹಾಕಲಾರ್ದ ಹೊಡದಾರ. ಒಂದೆರಡು ಸಲ ಅಲ್ಲ, ಸಾವಿರಗಟ್ಲೆ."

ಏರ್‌ಗನ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಈ ಮಾತು ಅರ್ಥವಾಗುತ್ತದೆ. ಬ್ಯಾರಲ್ ಮಡಚಿದಾಗ ನಾವು ಗಾಳಿ ತುಂಬುವುದಿಲ್ಲ, ಸ್ಪ್ರಿಂಗ್ ಅದುಮಿ ಪಿಸ್ಟನ್ನನ್ನು ಹಿಂದಕ್ಕೆ ಸಿಕ್ಕಿಸುತ್ತೇವೆ, ಅಷ್ಟೇ. ಟ್ರಿಗರ್ ಒತ್ತಿದ ಕ್ಷಣ ಪಿಸ್ಟನ್ ಮುಂದಕ್ಕೆ ಧಾವಿಸಿ ಎದುರಿನ ಗಾಳಿಯನ್ನು ಅದುಮುತ್ತದೆ. ಆ ಗಾಳಿ ಹೊರಹೋಗಲು ಕಡ್ಡಿ ತೂರುವಷ್ಟು ಒಂದೇ ಒಂದು ತೂತು. ಅದರ ಬಾಯಿಗೆ ಪೆಲೆಟ್ ಅಡ್ಡ ಕೂತಿರುತ್ತದೆ. ಪೆಲೆಟ್ ಕದಲುವ ಮೊದಲಿನ ಕ್ಷಣದಲ್ಲಿ ಗಾಳಿ ಎಷ್ಟು ಬಿಗಿಯಾಗುತ್ತದೆ ಎಂದರೆ ಪಿಸ್ಟನ್ನಿಗೆ ಅದೇ ಹಾಸಿಗೆ, ಕೊನೆಯ ಮಿಲಿಮೀಟರುಗಳಲ್ಲಿ ಅದರ ವೇಗ ಇಳಿದು ಮೆತ್ತಗೆ ನಿಲ್ಲುತ್ತದೆ. ಪೆಲೆಟ್ ಇಲ್ಲದಿದ್ದರೆ ಗಾಳಿ ಸುಮ್ಮನೆ ಸೋರಿಹೋಗುತ್ತದೆ, ಪಿಸ್ಟನ್ ಪೂರ್ತಿ ವೇಗದಲ್ಲಿ ಸಿಲಿಂಡರಿನ ಗೋಡೆಗೆ ಅಪ್ಪಳಿಸುತ್ತದೆ. ಚರ್ಮ ಸೀಳುತ್ತದೆ, ಸ್ಪ್ರಿಂಗ್ ತುಂಡಾಗುತ್ತದೆ. ಶಬ್ದ ಮಾತ್ರ ಜೋರಾಗಿ ಬರುತ್ತದೆ.

ಆ ಪೆಲೆಟ್ ಡಬ್ಬಿ ನೆನಪಾಯಿತು. ಗನ್ ಮನೆಗೆ ಬಂದು ಎಂಟು ವರ್ಷವಾಗಿದ್ದರೂ ಅದರ ಕಾಗದದ ಪಟ್ಟಿ ಹರಿದಿರಲಿಲ್ಲ. ಹರಿದವನು ನಾನು.

ಅಂಗಡಿಯಿಂದಲೇ ಊರಿಗೆ ಫೋನ್ ಮಾಡಿದೆ. ದೊಡ್ಡಪ್ಪ ಇದೇನು ದೊಡ್ಡ ವಿಷಯ ಎನ್ನುವ ಹಾಗೆ ಹೇಳಿದರು: "ಗುಂಡು ಹಾಕಿರೆ ಎಲ್ಲಾದ್ರೂ ತಾಗ್ತಲ ತಮಾ. ಶಬ್ದ ಸಾಕಾಗಿತ್ತು."

ಆ ತುಂಡು ಸ್ಪ್ರಿಂಗ್ ಈಗಲೂ ನನ್ನ ಮೇಜಿನ ಮೇಲಿದೆ.

ಇಂಥ ಗನ್ ಕೈಗೆ ಬಂದ ಮೇಲೂ ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಹೊಸ ಸ್ಪ್ರಿಂಗ್ ಹುಡುಕುವಾಗ, ಹೇಗೂ ಹಾಕುತ್ತೇನೆ, ಜೋರಾಗಿರುವುದನ್ನೇ ಹಾಕೋಣ ಎಂದು ದಪ್ಪ ತಂತಿಯದನ್ನು ತರಿಸಿದೆ. ಚಾಚಾ ಅದನ್ನು ನೋಡಿ, "ಎಷ್ಟ್ ಜೋರ್ ಮಾಡ್ತೀರಿ ಅಷ್ಟ್ ಒದಿತೈತ್ರಿ" ಎಂದಿದ್ದರು. ನಾನು ಕೇಳಲಿಲ್ಲ. ಮನೆಯಲ್ಲೇ ಒಬ್ಬನೇ ಜೋಡಿಸಿದೆ. ಎರಡು ದಿನದ ನಂತರ ಮತ್ತೆ ಬಿಚ್ಚಲು ಕೂತಾಗ ಕ್ಲ್ಯಾಂಪ್ ಇಲ್ಲದೆ ಬರಿಗೈಯಲ್ಲಿ ತಿರುಪು ತಿರುಗಿಸಿದೆ. ಕೊನೆಯ ಸುತ್ತಿಗೆ ಬರುತ್ತಿದ್ದಂತೆ ತಿರುಪು ಕೈಯಿಂದ ಸಿಡಿದು ಕಿವಿಯ ಪಕ್ಕದಲ್ಲಿ ಹಾದು ಗೋಡೆಯ ಗಾರೆ ಕೀಳಿಸಿತು. ನಾಲ್ಕು ಬೆರಳು ಈಚೆ ಬಂದಿದ್ದರೆ ಕಣ್ಣು. ಸ್ಪ್ರಿಂಗ್ ಗನ್ ಬಿಚ್ಚುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಮಡಚದೆ ಸುಮ್ಮನೆ ಗೋಡೆಗೆ ಒರಗಿಸಿಟ್ಟ ಗನ್ನಿನೊಳಗೂ ಸ್ಪ್ರಿಂಗ್ ಒಂದಿಷ್ಟು ಅದುಮಿಕೊಂಡೇ ಇರುತ್ತದೆ. ಗಟ್ಟಿ ಮರದ ಚೌಕಟ್ಟಿಗೆ ಒಂದು ಉದ್ದ ತಿರುಪಿನ ಸರಳು ಕೂರಿಸಿದರೆ ಕ್ಲ್ಯಾಂಪ್ ಆಯಿತು, ಅರ್ಧ ದಿನದ ಕೆಲಸ. ಅದಿಲ್ಲದೆ ಮುಟ್ಟಬೇಡಿ.

ಜೋರು ಸ್ಪ್ರಿಂಗಿನ ಫಲ ಏನು? ಗೆಳೆಯರೊಬ್ಬರ ಹತ್ತಿರ ಕ್ರೋನೋಗ್ರಾಫ್ ಇತ್ತು, ಗುಂಡಿನ ವೇಗ ಅಳೆಯುವ ಪುಟ್ಟ ಯಂತ್ರ. ಅದರ ಮೇಲೆ ಹೊಡೆದಾಗ 0.547 ಗ್ರಾಂ ತೂಕದ ಪೆಲೆಟ್ ಒಮ್ಮೆ ಸೆಕೆಂಡಿಗೆ 236 ಮೀಟರ್ ಹೋಯಿತು, ಮುಂದಿನದು 214, ಅದರ ಮುಂದಿನದು 229. ಗನ್ ಒದೆಯುತ್ತಿತ್ತು, ಹೊಡೆದ ಮೇಲೂ ಒಳಗೆ ಸ್ಪ್ರಿಂಗ್ ತಂಬೂರಿಯ ತಂತಿಯ ಹಾಗೆ ಝಣ್ ಎನ್ನುತ್ತಿತ್ತು. ಮರದ ಹಿಡಿಯ ತಿರುಪುಗಳು ಇಪ್ಪತ್ತು ಹೊಡೆತಕ್ಕೆ ಸಡಿಲ. 10 ಮೀಟರಿನಲ್ಲಿ ಐದು ಗುಂಡುಗಳು ನಾಲ್ಕೂವರೆ ಸೆಂಟಿಮೀಟರ್ ಅಗಲಕ್ಕೆ ಚೆದುರಿ ಬೀಳುತ್ತಿದ್ದವು. ಇದಕ್ಕಿಂತ ಜಾತ್ರೆಯ ಗನ್ ವಾಸಿ.

ಚಾಚಾ ಏನೂ ಅನ್ನಲಿಲ್ಲ. ಆ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಕೂತೆವು.

ಸಾಧಾರಣ ಬಲದ ಸ್ಪ್ರಿಂಗ್ ತೆಗೆದುಕೊಂಡು ಅದರ ಎರಡೂ ತುದಿಗಳನ್ನು ಸಾಣೆ ಹಿಡಿದು ಸಪಾಟು ಮಾಡಿದೆವು. ತುದಿ ಓರೆಯಾಗಿದ್ದರೆ ಸ್ಪ್ರಿಂಗ್ ಅದುಮಿದಾಗ ಬಳುಕಿ ಸಿಲಿಂಡರಿಗೆ ಉಜ್ಜುತ್ತದೆ. ಸ್ಪ್ರಿಂಗಿನ ಒಳಗೆ ಇರುವ ಕಂಬಿ ಮೊದಲು ತೆಳ್ಳಗಿನ ತಗಡಿನದಿತ್ತು, ಸ್ಪ್ರಿಂಗಿಗೂ ಅದಕ್ಕೂ ನಡುವೆ ಒಂದು ಮಿಲಿಮೀಟರಿನಷ್ಟು ಸಂದು. ಝಣ್ ಎನ್ನುವ ಶಬ್ದದ ಮೂಲ ಅಲ್ಲಿ. ಚಾಚಾ ಲೇಥಿನಲ್ಲಿ ಡೆಲ್ರಿನ್ ಪ್ಲಾಸ್ಟಿಕ್ಕಿನ ಹೊಸ ಕಂಬಿ ತಿರುಗಿಸಿದರು. ಕೂದಲೆಳೆ ಕೂದಲೆಳೆಯಾಗಿ ತೆಗೆಯುತ್ತ, ತೆಗೆದಾಗಲೆಲ್ಲ ಸ್ಪ್ರಿಂಗ್ ತೊಡಿಸಿ ನೋಡುತ್ತ, ಕೊನೆಗೆ ಕೈಯಿಂದ ತಿರುಚಿ ತಳ್ಳಿದರೆ ಮಾತ್ರ ಒಳಹೋಗುವಷ್ಟು ಬಿಗಿ ಬಂದಾಗ ನಿಲ್ಲಿಸಿದರು. ನಾನು ಸಿಲಿಂಡರಿನ ಸೀಳಿನ ಅಂಚುಗಳನ್ನು ಸಣ್ಣ ಅರದಿಂದ ಉಜ್ಜಿ ನುಣುಪು ಮಾಡಿದೆ, ಆ ಚೂಪು ಅಂಚು ಹೊಸ ವಾಷರನ್ನು ಜೋಡಿಸುವಾಗಲೇ ಕೊಯ್ದುಬಿಡುತ್ತದೆ. ಚಪ್ಪಲಿ ಹೊಲಿಯುವವರಿಂದ ತಂದ ದಪ್ಪ ಚರ್ಮವನ್ನು ನೆನೆಸಿ, ಅಚ್ಚಿಗೆ ಒತ್ತಿ ರಾತ್ರಿಯಿಡೀ ಒಣಗಿಸಿದ್ದೆವು. ಬಟ್ಟಲಿನ ಆಕಾರ ಬಂದ ಆ ಚರ್ಮಕ್ಕೆ ಎಣ್ಣೆ ಕುಡಿಸಿ ಪಿಸ್ಟನ್ನಿಗೆ ಕಚ್ಚಿಸಿದೆವು.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಪಿಸ್ಟನ್ ಗಾಳಿಯನ್ನು ಅದುಮುವ ವೇಗಕ್ಕೆ ಅದು ಕಾಯುತ್ತದೆ. ಅಲ್ಲಿ ಎಣ್ಣೆ ಹೆಚ್ಚಿದ್ದರೆ ಡೀಸೆಲ್ ಎಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತದೆ. ಬ್ಯಾರಲಿನಿಂದ ಹೊಗೆ ಬರುತ್ತದೆ, ಗುಂಡು ಹುಚ್ಚು ವೇಗದಲ್ಲಿ ಹೋಗುತ್ತದೆ, ಬಿಡಿಭಾಗಗಳು ಹಾಳಾಗುತ್ತವೆ. ಗನ್ ಬಿಗಿಯಾಯಿತು ಎಂದು ತೂತಿಗೆ ತೆಂಗಿನೆಣ್ಣೆ ಬಿಡುವವರನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ. ಬೇಡ. ಪಿಸ್ಟನ್ನಿನ ಬದಿಗೆ ಮಾಲಿಬ್ಡಿನಮ್ ಪೇಸ್ಟ್ ಬೆರಳಲ್ಲಿ ಸವರಿದಷ್ಟು, ಸ್ಪ್ರಿಂಗಿಗೆ ದಪ್ಪ ಗ್ರೀಸಿನ ತೆಳು ಪದರ, ಸಾಕು.

ಜೋಡಿಸಿ ಮುಗಿಸಿದಾಗ ರಾತ್ರಿ ಒಂಬತ್ತು. ಅಂಗಡಿಯ ಹಿಂದಿನ ಉದ್ದನೆಯ ಓಣಿಯಲ್ಲಿ ಹಳೇ ಬಟ್ಟೆ ತುರುಕಿದ ಮರದ ಪೆಟ್ಟಿಗೆ ಇಟ್ಟು ಹೊಡೆದೆ. ಒದೆತ ಇಲ್ಲ, ಝಣ್ ಇಲ್ಲ. ದಪ್ಪ ಪುಸ್ತಕ ಮುಚ್ಚಿದಾಗ ಬರುವಂಥ ಒಂದು ಮೆತ್ತನೆಯ ಶಬ್ದ. ಆಮೇಲೆ ಅಳೆದಾಗ ವೇಗ 205ರಿಂದ 209ರ ಒಳಗೇ. ಲೆಕ್ಕ ಹಾಕಿದರೆ ಸುಮಾರು 11.7 ಜೂಲ್ ಶಕ್ತಿ, ಜೋರು ಸ್ಪ್ರಿಂಗ್ ಅತಿ ಹೆಚ್ಚೆಂದರೆ 15 ದಾಟಿತ್ತು. ಕಾಲುಭಾಗದಷ್ಟು ಬಲ ಬಿಟ್ಟುಕೊಟ್ಟೆ. ಐದು ಗುಂಡುಗಳ ಗುಂಪು ನಾಲ್ಕೂವರೆ ಸೆಂಟಿಮೀಟರಿನಿಂದ 9 ಮಿಲಿಮೀಟರಿಗೆ ಇಳಿಯಿತು. ಒಂದು ರೂಪಾಯಿ ನಾಣ್ಯದೊಳಗೆ ಐದೂ ಗುಂಡು.

ಈಗ ಯಾರಾದರೂ ಏರ್‌ಗನ್ ಕೊಳ್ಳಬೇಕು, ಯಾವುದು ಒಳ್ಳೆಯದು ಎಂದು ಕೇಳಿದರೆ ಮೊದಲು ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಬೇಡಿ ಅನ್ನುತ್ತೇನೆ. ಸೆಕೆಂಡಿಗೆ 1200 ಅಡಿ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಹಗುರ ಮಿಶ್ರಲೋಹದ ಗುಂಡಿನಿಂದ ಅಳೆದದ್ದು, ಬೈಕಿನ ಜಾಹೀರಾತಿನ ಮೈಲೇಜ್ ಇದ್ದ ಹಾಗೆ. ನಿಜವಾಗಿ ಆ ವೇಗ ಬಂದರೂ ಪ್ರಯೋಜನ ಇಲ್ಲ. ಶಬ್ದದ ವೇಗದ ಸುತ್ತಮುತ್ತ ಹೋಗುವ ಪೆಲೆಟ್ ದಾರಿಯಲ್ಲಿ ತೂರಾಡುತ್ತದೆ. ಒಲಿಂಪಿಕ್ಸಿನಲ್ಲಿ ಬಳಸುವ 10 ಮೀಟರ್ ರೈಫಲ್‌ಗಳು ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಹೊಡೆಯುತ್ತವೆ, ಶಕ್ತಿ ಬರೀ 8 ಜೂಲ್. ಅವರು ಅರ್ಧ ಮಿಲಿಮೀಟರ್ ಅಗಲದ ಚುಕ್ಕೆಗೆ ಹೊಡೆಯುತ್ತಾರೆ.

ಗ್ಯಾಸ್ ಸಿಲಿಂಡರಿನವು, ಅಂದರೆ ಕಾರ್ಬನ್ ಡೈಆಕ್ಸೈಡ್ ಗುಳಿಗೆ ಹಾಕುವವು, ಬೇಗ ಬೇಗ ಹೊಡೆದರೆ ತಣ್ಣಗಾಗಿ ಬಲ ಕಳೆದುಕೊಳ್ಳುತ್ತವೆ. ಅವು ನನಗೆ ಹಿಡಿಸಿಲ್ಲ. ಮೊದಲೇ ಗಾಳಿ ತುಂಬಿಡುವ ಪಿಸಿಪಿ ಗನ್ನುಗಳು ನಿಜಕ್ಕೂ ಒಳ್ಳೆಯವು. ಒದೆತವೇ ಇಲ್ಲ, ಮೊದಲ ದಿನವೇ ಗುರಿ ಕೂರುತ್ತದೆ. ಆದರೆ 200 ಬಾರ್ ಒತ್ತಡಕ್ಕೆ ಕೈಪಂಪಿನಲ್ಲಿ ಗಾಳಿ ತುಂಬುವುದೆಂದರೆ ಬಾವಿ ನೀರು ಸೇದಿದಷ್ಟೇ ಬೆವರು. ಪಂಪು, ಗೇಜು, ರಬ್ಬರ್ ಉಂಗುರಗಳು ಎಂದು ಹಿಂದೆಯೇ ಒಂದು ಸಂಸಾರ ಬರುತ್ತದೆ. ಕಲಿಯಲು ನನ್ನ ಮಟ್ಟಿಗೆ ಸಾಧಾರಣ ಬಲದ ಸ್ಪ್ರಿಂಗ್ ಗನ್ನೇ ಗುರು. ಭುಜಕ್ಕೆ ಹಿಡಿದು ಕಣ್ಣು ಮುಚ್ಚಿ, ತೆರೆದಾಗ ಗುರಿ ನೋಡುವ ಸೈಟ್ ಎದುರಿಗೇ ಇದ್ದರೆ ಆ ಗನ್ ನಿಮ್ಮದು. ಟ್ರಿಗರ್ ಎರಡು ಹಂತದಲ್ಲಿ ಹೋಗಬೇಕು, ಎರಡನೆಯ ಹಂತ ಎಲ್ಲಿ ಶುರು ಎಂದು ಬೆರಳಿಗೆ ಗೊತ್ತಾಗಬೇಕು. ವಾಷರ್, ಸ್ಪ್ರಿಂಗ್ ಐದು ವರ್ಷದ ನಂತರವೂ ಸಿಗುತ್ತದೆಯೇ ಎಂದು ಕೇಳಿ. ಗನ್ ಮೇಲೆ ಕೂರಿಸುವ ದುರ್ಬೀನು ಆಮೇಲೆ ನೋಡಿಕೊಳ್ಳಬಹುದು.

ಕಾನೂನು ತಿಳಿದುಕೊಂಡೇ ಅಂಗಡಿಗೆ ಹೋಗಿ. 2016ರ ಆಯುಧ ನಿಯಮಗಳ ಪ್ರಕಾರ ಶಕ್ತಿ 20 ಜೂಲ್ ದಾಟಿದರೆ ಅಥವಾ ಬ್ಯಾರಲಿನ ಒಳಗಲ 4.5 ಮಿಲಿಮೀಟರ್ ದಾಟಿದರೆ ಪರವಾನಗಿ ಬೇಕು. ನನ್ನ ಪೆಲೆಟ್ಟಿನ ತೂಕಕ್ಕೆ 20 ಜೂಲ್ ಎಂದರೆ ಸೆಕೆಂಡಿಗೆ 270 ಮೀಟರ್. ಅಂಗಡಿಯಲ್ಲಿ ಕಾನೂನಿನ ಒಳಗಿದ್ದ ಗನ್ನು ನಮ್ಮ ಮನೆಯ ಮೇಜಿನ ಮೇಲೆ ಒಂದು ಸ್ಪ್ರಿಂಗ್ ಬದಲಾಯಿಸಿದ್ದಕ್ಕೆ ಹೊರಗೆ ಹೋಗಿಬಿಡಬಹುದು. ಆದ್ದರಿಂದ ಬಿಚ್ಚಿ ಜೋಡಿಸಿದಾಗಲೆಲ್ಲ ವೇಗ ಅಳೆದು ಬರೆದಿಡುತ್ತೇನೆ.

ಸ್ಪ್ರಿಂಗ್ ಗನ್ನಿನಿಂದ ಹೊಡೆಯುವುದು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಕಷ್ಟ ಎಲ್ಲಿದೆ ಎಂದರೆ, ಪಿಸ್ಟನ್ ಮುಂದೆ ಓಡುವಾಗ ಗನ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಸಾಧಾರಣ ದುರ್ಬೀನುಗಳು ಈ ಎರಡು ಕಡೆಯ ಏಟಿಗೇ ಒಡೆಯುತ್ತವೆ. ಇದೆಲ್ಲ ಶುರುವಾಗುವಾಗ ಪೆಲೆಟ್ ಇನ್ನೂ ಬ್ಯಾರಲಿನೊಳಗೇ ಇರುತ್ತದೆ. ಬಿಗಿಯಾಗಿ ಅಪ್ಪಿ ಹಿಡಿದರೆ ಪ್ರತಿ ಸಲದ ಬಿಗಿ ಒಂದೊಂದು ರೀತಿ, ಗುಂಡು ಒಂದೊಂದು ಕಡೆ. ಎಡಗೈಯನ್ನು ತೆರೆದು ಗನ್ನನ್ನು ಅಂಗೈ ಮೇಲೆ ಸುಮ್ಮನೆ ಇರಿಸಬೇಕು, ನಿದ್ದೆ ಹೋದ ಮಗುವಿನ ತಲೆಗೆ ಕೈ ಕೊಟ್ಟ ಹಾಗೆ. ಭುಜಕ್ಕೆ ತಾಗಿಯೂ ತಾಗದಂತೆ. ಅದು ಎಷ್ಟು ಸರಿಯುತ್ತದೋ ಸರಿಯಲಿ, ಪ್ರತಿ ಸಲವೂ ಒಂದೇ ರೀತಿ ಸರಿದರೆ ಆಯಿತು. ಟ್ರಿಗರ್ ಒತ್ತಿದ ಮೇಲೂ ಕಣ್ಣು ಸೈಟಿನಲ್ಲೇ ಇರಬೇಕು, ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು. ಪೆಲೆಟ್ 10 ಮೀಟರ್ ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಅಷ್ಟರಲ್ಲೇ ಅದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಕೆಳಗಿಳಿದಿರುತ್ತದೆ. ತಲೆ ಎತ್ತಿ ಎಲ್ಲಿ ಬಿತ್ತು ಎಂದು ನೋಡುವ ಆತುರಕ್ಕೆ ಕತ್ತಿನ ನರ ಮೊದಲೇ ಸಜ್ಜಾಗುತ್ತದೆ, ಗುಂಡು ಮೇಲಕ್ಕೆ ಹೋಗುತ್ತದೆ.

2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡು 10.8ಕ್ಕೆ ಹೊಡೆದು 700.5 ಅಂಕದಲ್ಲಿ ಚಿನ್ನ ಗೆದ್ದದ್ದನ್ನು ಟಿವಿಯಲ್ಲಿ ನೋಡಿದ್ದೆ. ಆಗ ನಾನು ಕುಣಿದದ್ದು ದೇಶಕ್ಕೆ ಚಿನ್ನ ಬಂತೆಂದು. ಹೊಡೆದ ಮೇಲೆ ಆತ ಒಂದು ಕ್ಷಣ ಕದಲದೆ ನಿಂತದ್ದರ ಅರ್ಥ ಈಗ ತಿಳಿಯುತ್ತಿದೆ. ನನಗೆ ಇನ್ನೂ ಹತ್ತಿರ ಅನಿಸುವವರು ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಏರ್ ಪಿಸ್ತೂಲಿಗೆ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನ ಗ್ರನಾಡಾದಲ್ಲಿದ್ದಾಗ ಮುಖದ ಪಾರ್ಶ್ವವಾಯು ಬಡಿಯಿತು. ರೆಪ್ಪೆಯ ಮೇಲೆ ಹಿಡಿತವಿಲ್ಲದೆ ಗುರಿ ಇಡುವವನ ಪಾಡು ಏನು ಎಂದು ಗನ್ ಹಿಡಿದವರಿಗೆ ಗೊತ್ತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಬೆಳ್ಳಿ ಗೆದ್ದರು.

ಊರಿನಲ್ಲಿ ಕೊಟ್ಟಿಗೆಯ ಹಿಂದೆ ಎತ್ತರದ ಮಣ್ಣಿನ ದರೆ ಇದೆ. ಅಲ್ಲಿಂದ 10 ಮೀಟರ್ ಅಳೆದು ಕಲ್ಲು ನೆಟ್ಟಿದ್ದೇನೆ. ಬಟ್ಟೆ ತುಂಬಿದ ಪೆಟ್ಟಿಗೆ ಸೀಸವನ್ನು ಹಿಡಿದುಕೊಳ್ಳುತ್ತದೆ, ಮಣ್ಣಿಗೆ ಸೇರುವುದಿಲ್ಲ. ಹದಿಮೂರು ವರ್ಷದ ಮಗಳು ಜೊತೆಗೆ ಬರುತ್ತಾಳೆ. ಇಬ್ಬರಿಗೂ ಕನ್ನಡಕ ಕಡ್ಡಾಯ, ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯುವುದು ಕಡ್ಡಾಯ, ಪೆಲೆಟ್ ಬಾಯಲ್ಲಿ ಕಚ್ಚಿಕೊಳ್ಳುವಂತಿಲ್ಲ. ಗುರಿಹಲಗೆಯ ಹತ್ತಿರ ಯಾರಾದರೂ ಹೋದರೆ ಗನ್ ಮಡಚಿಟ್ಟು ನೆಲದ ಮೇಲೆ. ಕಾಗದಕ್ಕೆ ಹೊಡೆಯಲು ನಾವು ಬಳಸುವುದು ಚಪ್ಪಟೆ ಮುಖದ ಪೆಲೆಟ್. ಅದು ಕಾಗದವನ್ನು ಹರಿಯುವುದಿಲ್ಲ, ಬಸ್ ಕಂಡಕ್ಟರ್ ಟಿಕೆಟ್ಟಿಗೆ ಹೊಡೆಯುತ್ತಿದ್ದ ಪಂಚಿನ ಹಾಗೆ ದುಂಡಗೆ ಕತ್ತರಿಸುತ್ತದೆ. ಮಗಳು ಆ ತೂತುಗಳ ಅಂಚಿಗೆ ಅಳತೆಪಟ್ಟಿ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ.

ಹಕ್ಕಿಗೆ ಹೊಡೆಯುವ ಮಾತು ಅಲ್ಲಿ ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ ಎನ್ನುವುದು ಒಂದು ಕಾರಣ. ಆದರೆ ನನಗೆ ಕಾಯ್ದೆಯ ಅಗತ್ಯ ಬೀಳಲಿಲ್ಲ. ಏರ್‌ಗನ್ ಎಂದರೆ ಆಟದ ಸಾಮಾನು ಎಂದು ಮಕ್ಕಳ ಕೈಗೆ ಕೊಟ್ಟ ಊರುಗಳಲ್ಲಿ ಕಾಡು ಹೇಗೆ ಮೌನವಾಗುತ್ತದೆ ಎನ್ನುವುದು ಬರೀ ನನ್ನ ಹಿತ್ತಲಿನ ಕತೆಯಲ್ಲ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಸರ್ಕಾರವೇ ಏರ್‌ಗನ್ ಒಪ್ಪಿಸುವ ಅಭಿಯಾನ ಶುರು ಮಾಡಿತು, ಹಳ್ಳಿಯ ಜನ ತಾವಾಗಿ ತಂದು ಒಪ್ಪಿಸಿದರು. ಆ ಸುದ್ದಿ ಓದಿದ ದಿನ ನನ್ನದನ್ನೂ ಒಪ್ಪಿಸಬೇಕೇ ಎಂದು ತುಂಬಾ ಹೊತ್ತು ಕೂತು ಯೋಚಿಸಿದ್ದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಪೂಜೆಗಿಟ್ಟು, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಒಡೆಯುವುದು ಕಾಯಿ. ಅದನ್ನು ನೆನೆದು ನನ್ನ ಗನ್ ಇಟ್ಟುಕೊಂಡೆ.

ಈ ಸಲ ದೊಡ್ಡ ಹಬ್ಬಕ್ಕೆ, ಅಂದರೆ ದೀಪಾವಳಿಗೆ, ಹೋದಾಗ ದೊಡ್ಡಪ್ಪ ತಾವಾಗಿಯೇ ಕೊಟ್ಟಿಗೆಯ ಹಿಂದೆ ಬಂದರು. ಎಂಬತ್ತೆರಡಾಗಿದೆ. ಗೋಪೂಜೆ ಮುಗಿದು ಎಮ್ಮೆ ದನ ಎಲ್ಲ ಗುಡ್ಡಕ್ಕೆ ಹೋಗಿದ್ದವು. ಸ್ಟೂಲು ತಂದು ಕೂರಿಸಿದೆ. ಒಂದೈದು ನಿಮಿಷ ಮಗಳು ಹೊಡೆಯುವುದನ್ನು ನೋಡಿದರು. ಆಮೇಲೆ ಕೈ ಚಾಚಿದರು.

ಬ್ಯಾರಲ್ ಮಡಚಿ, ಒಂದು ಪೆಲೆಟ್ ಹಾಕಿ ಕೊಟ್ಟೆ. ಈ ಗನ್ನಿನಲ್ಲಿ ಅವರು ಗುಂಡು ಹಾಕಿ ಹೊಡೆಯುವುದು ಅದೇ ಮೊದಲು. ಹಿಡಿಯನ್ನು ಒಮ್ಮೆ ಸವರಿದರು, ತಾವೇ ಕೆತ್ತಿಸಿದ್ದ ಮನೆಯ ಹೆಸರಿನ ಅಕ್ಷರಗಳ ಮೇಲೆ ಬೆರಳು ನಿಂತು ಮುಂದೆ ಹೋಯಿತು. ಕೈ ನಡುಗುತ್ತಿತ್ತು. ನಾನು ನನ್ನ ಅಂಗೈಯನ್ನು ಅವರ ಅಂಗೈಯ ಕೆಳಗೆ ಕೊಟ್ಟೆ. ಹೊಡೆದರು. ಕಾಗದದ ಕಪ್ಪು ವೃತ್ತದ ಅಂಚಿನಲ್ಲಿ ಒಂದು ದುಂಡನೆಯ ತೂತು ಬಿತ್ತು. ದರೆಯ ಮೇಲಿನ ಹಲಸಿನ ಮರದಲ್ಲಿ ಕೂತಿದ್ದ ಕಾಗೆ ಕತ್ತು ಕೂಡ ತಿರುಗಿಸಲಿಲ್ಲ.

"ಶಬ್ದನೇ ಇಲ್ಯಲ" ಎಂದರು ದೊಡ್ಡಪ್ಪ. ಗನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕೆ ಮಂಗ ಹೆದರ್ತಿಲ್ಲೆ ತಮಾ."

ಕೊಡಿ ಎಂದು ಕೈ ಮುಂದೆ ಮಾಡಿದೆ. ಅವರು ಕೊಡಲಿಲ್ಲ. ಕಾಗದದ ಕಡೆಗೇ ನೋಡುತ್ತಿದ್ದರು.

"ಇನ್ನೊಂದು ಗುಂಡು ಹಾಕು, ನೋಡನ."